ಮನೆ ಬಿಚ್ಚುವ ಮೊದಲು ನಡದ ಲೆಕ್ಕ ಹಾಕಿ

ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಬಂದವರ ಪುನರ್ವಸತಿ ಕೇಂದ್ರವೊಂದಕ್ಕೆ ಹೋಗಿದ್ದೆವು. ಗುಡಿ ಕಟ್ಟೆಯ ಮೇಲೆ ಹಿರಿಯರೊಬ್ಬರು ಕುಂತಿದ್ದರು. "ಆಗ ಪರಿಹಾರ ಎಷ್ಟ ಬಂತ್ರಿ ಕಾಕಾ?" ಅಂತ ಕೇಳಿದೆವು.

"ರೊಕ್ಕ ಬಂತು, ಹೋತು ತಮ್ಮಾ. ಆಗ ಹಿಡದ ನಡಾ ಇನ್ನೂ ಬಿಟ್ಟಿಲ್ಲ" ಅಂದರು.

ಹಳೆ ಮನೆಯ ತೊಲೆ ಇಳಿಸಲು ನಾಲ್ಕು ಆಳು ಬೇಕಿತ್ತು. ಪಗಾರ ಉಳಿಯಲಿ ಅಂತ ತಾವು ಮತ್ತು ಮಗ ಇಬ್ಬರೇ ಹೆಗಲು ಕೊಟ್ಟರು. ತೊಲೆ ಹೊಸ ಮನೆ ಸೇರಿತು. ಅವರು ಮತ್ತೆ ನೇಗಿಲು ಹಿಡಿಯಲಿಲ್ಲ.

ನಮ್ಮ ಕಡೆ ಮನೆ ಬದಲಿಸುವುದೆಂದರೆ ಮನೆಯನ್ನೇ ಬಿಚ್ಚುವುದು. ಮಾಳಿಗೆಯ ಮಣ್ಣು, ಜಂತಿ, ತೊಲೆ, ಕಂಬ, ಬಾಗಿಲ ಚೌಕಟ್ಟು, ಕೊನೆಗೆ ಕಲ್ಲು, ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರಬೇಕು. ಆದರೆ ಮುಳುಗಡೆಯ ಮಾತು ಬಂದಾಗ ಎಕರೆ, ದರ, ಕೋರ್ಟು ಇಷ್ಟೇ ನಮ್ಮ ಬಾಯಲ್ಲಿ. ಹೊರುವವರ ಮೈಯ ಮಾತು ಯಾರೂ ಆಡುವುದಿಲ್ಲ.

ಈಗ ಆಡಬೇಕಾದ ಹೊತ್ತು ಬಂದಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಈ ಅಣೆಕಟ್ಟೆಯಲ್ಲಿ ಸದ್ಯ 519.60 ಮೀಟರ್‌ವರೆಗೆ ನೀರು ನಿಲ್ಲುತ್ತದೆ. ಅಷ್ಟಕ್ಕೇ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಎದ್ದು ನವನಗರಕ್ಕೆ ಹೋದವು. ಇದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿಗೆ ದರ ಗೊತ್ತು ಮಾಡಿತು: ಎಕರೆಗೆ ನೀರಾವರಿಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ರೂಪಾಯಿ. ನೀರು ಅಷ್ಟು ಏರಿದರೆ ಇನ್ನೂ 20 ಹಳ್ಳಿಗಳು ಜಾಗ ಬಿಡಬೇಕಾಗುತ್ತದೆ.

ಜಮೀನಿನ ದರ ಎಲ್ಲರಿಗೂ ಬಾಯಿಪಾಠ. ಇನ್ನೊಂದು ಬಾಬ್ತು ಹೆಚ್ಚಿನವರಿಗೆ ಗೊತ್ತಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಊರು ಬಿಡುವ ಪ್ರತಿ ಕುಟುಂಬಕ್ಕೆ ಸಾಗಾಟದ ಖರ್ಚೆಂದು ಒಂದು ಸಲಕ್ಕೆ 50,000 ರೂಪಾಯಿ ಬರೆದಿದೆ. ಮನೆಮಂದಿ, ಸಾಮಾನು, ದನಕರು ಅಷ್ಟೇ ಅಲ್ಲ, ಮನೆ ಕಟ್ಟುವ ಸಾಮಗ್ರಿ ಸಾಗಿಸಲಿಕ್ಕೂ ಅದು ಸೇರಿದೆ. ನಮ್ಮ ತೊಲೆ, ಕಲ್ಲುಗಳನ್ನು ಕಾನೂನು ಲೆಕ್ಕಕ್ಕೆ ಹಿಡಿದಿದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಈ ಬಾಬ್ತು ಎಲ್ಲಿದೆ ಅಂತ ಕೇಳಿ. ಬಂದರೆ ಅದನ್ನು ಮದುವೆಗೋ ಸಾಲಕ್ಕೋ ಎತ್ತಿಟ್ಟು, ಹೊರೆ ನಿಮ್ಮ ನಡದ ಮೇಲೆ ಹಾಕಿಕೊಳ್ಳಬೇಡಿ. ಆಳಿಗೆ, ಟ್ರ್ಯಾಕ್ಟರಿಗೆ, ಹಗ್ಗಕ್ಕೆ ಖರ್ಚು ಮಾಡಿ. ನಾಲ್ಕು ದಿನದ ಪಗಾರ ಉಳಿಸಿದವರು ಆಮೇಲೆ ವರ್ಷಗಟ್ಟಲೆ ಔಷಧಿಗೆ ಸುರಿದದ್ದನ್ನು ನಾವು ಕಂಡಿದ್ದೇವೆ.

ಮನೆ ಬಿಚ್ಚುವಾಗ ಮೇಲಿನಿಂದ ಕೆಳಗೆ ಬನ್ನಿ. ಮೊದಲು ಮಾಳಿಗೆಯ ಮಣ್ಣು, ಆಮೇಲೆ ಜಂತಿ, ಆಮೇಲೆ ತೊಲೆ, ಆಮೇಲೆ ಕಂಬ, ಕೊನೆಗೆ ಗೋಡೆ. ಮಣ್ಣು ಹೊತ್ತ ಮಾಳಿಗೆಯ ಕೆಳಗಿನ ಕಂಬ ಅಲುಗಿಸಬೇಡಿ. ಗೋಡೆಯನ್ನು ಬುಡದಿಂದ ಕೆಡವಬೇಡಿ. ಅದಕ್ಕೂ ಮೊದಲು ಕರೆಂಟಿನವರಿಗೆ ಹೇಳಿ ಲೈನ್ ತೆಗೆಸಿ. ಹಳೆ ಗೋಡೆಯ ಸಂದಿಯಲ್ಲಿ ಹಾವು, ಚೇಳು ಇರುತ್ತವೆ. ಬರಿಗೈ ಹಾಕದೆ ಹಾರೆಯಿಂದ ಕಲ್ಲು ಸರಿಸಿ. ಚಪ್ಪಲಿ ಸಾಲದು, ಬೂಟು ಬೇಕು. ಮೊಳೆ ಚುಚ್ಚಿದರೆ ಅರಿಶಿನ ಹಚ್ಚಿ ಸುಮ್ಮನಾಗದೆ ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದು ಬೇಕೇ ಅಂತ ಕೇಳಿ.

ಹಗೇವಿನ ಬಗ್ಗೆ ಬೇರೆಯೇ ಹೇಳಬೇಕು. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಕಾಳು ತೆಗೆಯಲು ಇಳಿದವನು ಅಲ್ಲೇ ಬೀಳುತ್ತಾನೆ, ಅವನನ್ನು ಎತ್ತಲು ಜಿಗಿದ ತಮ್ಮನೂ ಬೀಳುತ್ತಾನೆ. ಹಳೆ ಹಗೇವಿಗೆ ಇಳಿಯಬೇಡಿ. ಒಬ್ಬರು ಬಿದ್ದರೆ ಹಿಂದೆ ಜಿಗಿಯದೆ 112ಕ್ಕೆ ಫೋನ್ ಮಾಡಿ.

ಎತ್ತುವಾಗ ನಡ ಬಗ್ಗಿಸದೆ ಮೊಣಕಾಲು ಮಡಚಿ ಕುಂತು ಏಳಿ. ಭಾರ ಎದೆಗೆ ಹತ್ತಿರ ಇರಲಿ. ಹೊತ್ತುಕೊಂಡು ತಿರುಗಬೇಕಾದರೆ ನಡ ಹೊರಳಿಸದೆ ಪಾದ ತಿರುಗಿಸಿ. ಟ್ರಂಕು, ಕಪಾಟು ಖಾಲಿ ಮಾಡಿ ಎತ್ತಿ. ತುಂಬಿದ ಜೋಳದ ಚೀಲವನ್ನು ಎರಡು ಮಾಡಿ. ಒಬ್ಬನೇ ಎತ್ತುವುದೇ ಗಂಡಸುತನ ಅನ್ನುವ ಮಾತು ಕಟ್ಟೆಗೇ ಇರಲಿ. ಬೀಸುಕಲ್ಲು, ಒರಳು ತಾಯಂದಿರ ಪಾಲಿಗೆ ಬಿಡಬೇಡಿ, ಬಸುರಿ, ಬಾಣಂತಿಯರಿಗಂತೂ ಬೇಡವೇ ಬೇಡ. ಗ್ಯಾಸ್ ಸಿಲಿಂಡರ್ ತುಂಬಿದಾಗ ಸುಮಾರು 30 ಕೆ.ಜಿ. ತೂಗುತ್ತದೆ. ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ನಿಲ್ಲಿಸಿ ಕಟ್ಟಿ.

ಟ್ರ್ಯಾಕ್ಟರಿನಲ್ಲಿ ಹೇರಿದ ಸಾಮಾನಿನ ಮೇಲೆ ಮಕ್ಕಳನ್ನು ಕೂಡಿಸಬೇಡಿ. ತಗ್ಗು ಬಂದಾಗ ಮೊದಲು ಉರುಳುವವರು ಅವರೇ. ಉದ್ದನೆ ಜಂತಿಗಳಿದ್ದರೆ ದಾರಿಯ ಕರೆಂಟು ತಂತಿ ನೋಡಿಕೊಂಡು ಹೋಗಿ. ನಡಕ್ಕೆ ಪೆಟ್ಟಾದ ಮೇಲೆ ಕಾಲು ಜೋಮು ಹಿಡಿದರೆ ಅಥವಾ ಮೂತ್ರ ಕಟ್ಟಿದರೆ ನಾಳೆ ಅನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇಷ್ಟು ನಮ್ಮ ಕೈಯಲ್ಲಿದೆ. ಆದರೆ ಪೆಟ್ಟಿಗೆ ದೊಡ್ಡ ಕಾರಣ ಅವಸರ. ನೀರು ಬರುತ್ತದೆ ಅಂದಾಗ ರಾತ್ರೋರಾತ್ರಿ ತೊಲೆ ಇಳಿಸುವವನಿಗೆ ಮೊಣಕಾಲು ಮಡಚಲು ಪುರುಸೊತ್ತು ಎಲ್ಲಿ? ಆ ಅವಸರ ಮನೆಯವರು ಮಾಡಿದ್ದಲ್ಲ, ಕಾಗದ ತಡ ಮಾಡಿದವರು ಮಾಡಿದ್ದು. ಪರಿಹಾರವೂ ಪುನರ್ವಸತಿಯ ಹಣವೂ ಪೂರ್ತಿ ಕೊಟ್ಟ ಮೇಲೆಯೇ ಸ್ವಾಧೀನ ಅಂತ ಅದೇ ಕಾಯ್ದೆ ಹೇಳುತ್ತದೆ. ಹೊಸ ಊರಿಗೆ 2 ಕಿಲೋಮೀಟರ್ ಒಳಗೆ ಆರೋಗ್ಯ ಉಪಕೇಂದ್ರ ಇರಬೇಕು ಅಂತಲೂ ಹೇಳುತ್ತದೆ. ಅದು ಮನೆ ಸಾಗಿಸುವ ದಿನಕ್ಕೇ ಬಾಗಿಲು ತೆರೆದಿರಲಿ. ಕೃಷ್ಣೆಗೆ ಮಳೆಗಾಲದ ನೀರು ಬರುವ ಮೊದಲು, ಬೇಸಿಗೆಯಲ್ಲೇ ಊರು ಬಿಚ್ಚುವಂತೆ ದಿನ ಗೊತ್ತಾಗಲಿ. ಗ್ರಾಮಸಭೆಯಲ್ಲಿ ಎಕರೆಯ ದರ ಕೇಳುವಾಗ ಇದನ್ನೂ ಕೇಳಿ, ನಡಾವಳಿಯಲ್ಲಿ ಬರೆಸಿ.

ನಾವು ಏಳುವಾಗ ಕಾಕಾನೂ ಎದ್ದರು, ಗೋಡೆ ಹಿಡಿದು. "ಬರೀತೀಯಲ್ಲಾ, ಇದನ್ನೂ ಬರಿ ತಮ್ಮಾ. ನಾಲ್ಕು ಆಳ ಹಚ್ಚಬೇಕಿತ್ತು" ಅಂದರು.

ಬರೆದಿದ್ದೇವೆ.