ದವಾಖಾನೆ ಬಿಟ್ಟು ಔಷಧಿ ಅಂಗಡಿಗೆ ಯಾಕೆ?

ಬೇಡದ ಬಸಿರು ನಿಂತಾಗ ನಮ್ಮ ಹೆಣ್ಣುಮಕ್ಕಳು ದವಾಖಾನೆಗಿಂತ ಔಷಧಿ ಅಂಗಡಿಯ ಗುಳಿಗೆಯನ್ನೇ ಹೆಚ್ಚು ನೆಚ್ಚುತ್ತಾರೆ. ಇದು ಬರೀ ಊಹೆಯಲ್ಲ. 2015ರಲ್ಲಿ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತ ಆದವು. ಅದರಲ್ಲಿ ನೂರಕ್ಕೆ 73 ದವಾಖಾನೆಯ ಹೊರಗೆ, ಗುಳಿಗೆ ನುಂಗಿ ಆದಂಥವು. ದವಾಖಾನೆಯಲ್ಲಿ ಆದದ್ದು ನೂರಕ್ಕೆ 22 ಮಾತ್ರ. 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ 2018ರಲ್ಲಿ ಬಂದ ಅಧ್ಯಯನದ ಲೆಕ್ಕವಿದು.

'ಹೆಂಗಸರಿಗೆ ತಿಳಿವಳಿಕೆ ಇಲ್ಲ' ಎಂದು ಷರಾ ಬರೆದು ಸುಮ್ಮನಾಗುವುದು ಸುಲಭ. ಆದರೆ ಅವರು ಲೆಕ್ಕ ಹಾಕಿಯೇ ದವಾಖಾನೆ ತಪ್ಪಿಸುತ್ತಾರೆ. ಚೀಟಿ ಮಾಡಿಸುವ ಸಾಲಿನಲ್ಲಿ ಓಣಿಯವರು ಯಾರಾದರೂ ಇದ್ದೇ ಇರುತ್ತಾರೆ. 'ಏನಾಗೇದವಾ?' ಎಂದು ಕೇಳಿದರೆ ಏನು ಹೇಳಬೇಕು? ಒಳಗೆ ಹೋದರೆ 'ಗಂಡನ್ನ ಕರ್ಕೊಂಡ್ ಬಾ, ಸಹಿ ಮಾಡ್ಲಿ' ಅಂತಾರೆ. ಎರಡು ಮಕ್ಕಳಿದ್ದವಳಿಗೆ 'ಆಪರೇಷನ್ ಮಾಡಿಸ್ಕೊಂಡ್ರಷ್ಟೇ' ಎಂಬ ಕರಾರು. ಮದುವೆಯಾಗದವಳಿಗೆ ಬೈಗುಳ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮವರು ಇದನ್ನೆಲ್ಲ ಮರಾಠಿಯಲ್ಲಿ ಕೇಳಬೇಕು, ಹೊಸೂರು ಕಡೆಯವರು ತಮಿಳಿನಲ್ಲಿ. ಮನೇಲಿ ಕನ್ನಡವನ್ನಷ್ಟೇ ಆಡುವವಳು ಮುಟ್ಟು ನಿಂತ ದಿನವನ್ನೂ ಇನ್ನೊಬ್ಬರ ಬಾಯಿಂದ ಹೇಳಿಸಬೇಕು. ಎರಡು ಮೂರು ಸಲ ಓಡಾಡಿದರೆ ಅಷ್ಟು ದಿನದ ಕೂಲಿಯೂ ಹೋಯಿತು.

ಕಾನೂನು ಹೀಗೆ ಹೇಳುವುದಿಲ್ಲ. 1971ರ ಗರ್ಭಪಾತ ಕಾಯಿದೆಯ ಪ್ರಕಾರ 18 ತುಂಬಿದವಳಿಗೆ ಅವಳ ಸಹಿಯೊಂದೇ ಸಾಕು, ಗಂಡನದು ಬೇಕಿಲ್ಲ. ಹೆಸರು ಬಯಲು ಮಾಡಿದವರಿಗೆ 2021ರ ತಿದ್ದುಪಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ ಇಟ್ಟಿದೆ. ಮದುವೆಯಾದವಳು, ಆಗದವಳು ಎಂಬ ಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು.

2017ರ ಮಾರ್ಚ್‌ನಲ್ಲಿ ನಮ್ಮ ಗಡಿಗೆ ಹತ್ತಿರದ ಸಾಂಗ್ಲಿ ಜಿಲ್ಲೆಯ ಮ್ಹೈಸಾಳದಲ್ಲಿ ಗರ್ಭಪಾತದ ವೇಳೆ ಒಬ್ಬ ಮಹಿಳೆ ಸತ್ತು, ಆಮೇಲೆ 19 ಭ್ರೂಣಗಳು ಸಿಕ್ಕಿದ್ದನ್ನು ಯಾರೂ ಮರೆತಿಲ್ಲ. ಅಂಥ ದಂಧೆಗೆ ಬಿಗಿ ಬೇಕೇ ಬೇಕು. ಆದರೆ ಲಿಂಗಪತ್ತೆ ತಡೆಯುವ 1994ರ ಕಾಯಿದೆ ಬೇರೆ, ಇದು ಬೇರೆ. ಒಂಬತ್ತು ವಾರದೊಳಗೆ ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ತಿಳಿಯುವುದೇ ಇಲ್ಲ. 'ಭ್ರೂಣಹತ್ಯೆ ಅಪರಾಧ' ಎಂಬ ಫಲಕ ಓದಿದವಳು ಮಾತ್ರ ತಾನೂ ಅಪರಾಧಿ ಎಂದೇ ಹೆದರಿ ವಾಪಸಾಗುತ್ತಾಳೆ.

ಗುಳಿಗೆಯೇನೂ ವಿಷವಲ್ಲ. ಸರಿಯಾದ ಮಾಹಿತಿ ಇದ್ದು, ಬೇಕಾದಾಗ ವೈದ್ಯರು ಸಿಗುವಂತಿದ್ದರೆ 12 ವಾರದೊಳಗೆ ಮನೆಯಲ್ಲೇ ತೆಗೆದುಕೊಳ್ಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮ ನಿಯಮದಲ್ಲಿ ಒಂಬತ್ತು ವಾರದವರೆಗೆ, ಅದೂ ವೈದ್ಯರ ಚೀಟಿಯ ಮೇಲೆ. ಅಪಾಯ ಇರುವುದು ಚೀಟಿಯೂ ಇಲ್ಲದೆ, ಒಂದು ಮಾತೂ ಹೇಳದೆ ಕಾಗದದಲ್ಲಿ ಸುತ್ತಿ ಕೊಡುವುದರಲ್ಲಿ. ಬಸಿರು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಈ ಗುಳಿಗೆ ಕೆಲಸ ಮಾಡದು, ಜೀವಕ್ಕೇ ಸಂಚಕಾರ. ಗಂಟೆಗೆ ಎರಡು ಪ್ಯಾಡ್‌ನಂತೆ ಎರಡು ಗಂಟೆ ರಕ್ತ ಹೋದರೆ, ಒಂದು ದಿನ ಕಳೆದರೂ ಜ್ವರ ಇಳಿಯದಿದ್ದರೆ, ಹೊಟ್ಟೆನೋವು ತಡೆಯದಾದರೆ, ತಲೆತಿರುಗಿ ಬಿದ್ದರೆ ಮರ್ಯಾದೆಯ ಮಾತು ಬದಿಗಿಟ್ಟು ಕೂಡಲೇ ದವಾಖಾನೆಗೆ ಕರೆದೊಯ್ಯಬೇಕು.

ಆರೋಗ್ಯ ಇಲಾಖೆ ಮಾಡಬೇಕಾದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಗಡಿ ತಾಲ್ಲೂಕುಗಳ ದವಾಖಾನೆಗಳಲ್ಲಿ 'ಗಂಡನ ಸಹಿ ಬೇಕಿಲ್ಲ' ಎಂದು ಕನ್ನಡದಲ್ಲೂ ಫಲಕ ಹಾಕಲಿ. ಒಪ್ಪಿಗೆ ಪತ್ರ ಕನ್ನಡದಲ್ಲೂ ಸಿಗಲಿ. ಕನ್ನಡ ಬಲ್ಲ ನರ್ಸ್ ಒಬ್ಬರು ಇರಲಿ. ಆಪರೇಷನ್ ಕರಾರು ನಿಲ್ಲಲಿ. ದವಾಖಾನೆಯವರು ಮರ್ಯಾದೆ ಕೊಟ್ಟರೆ ಹೆಣ್ಣುಮಕ್ಕಳು ತಾವಾಗಿಯೇ ಬರುತ್ತಾರೆ.

ಮನೆಯವರಿಗೂ ಒಂದು ಮಾತು. ಗುಳಿಗೆ ತಂದುಕೊಟ್ಟ ಗಂಡ ಆ ರಾತ್ರಿ ಅವಳ ಪಕ್ಕದಲ್ಲಿ ಎಚ್ಚರವಾಗಿಯೂ ಇರಲಿ.