ಮನೇಲಿ ಮಾತಾಡದ ವಿಷಯ – 6: ಅಜ್ಜನ ಪ್ಯಾಡ್

ಪೀರಿಯಡ್ಸ್ ಬಗ್ಗೆ ಬರೆದಾಗ ಎಲ್ಲರೂ ಕಾಮೆಂಟಲ್ಲಿ ಧೈರ್ಯವಾಗಿ ಮಾತಾಡಿದ್ರಿ. ಪ್ಯಾಡ್ ಅಂದ್ರೆ ನಾಚಿಕೊಳ್ಳೋ ಕಾಲ ಹೋಯ್ತು ಅಂದ್ರಿ. ಸರಿ, ಹಾಗಾದ್ರೆ ಇವತ್ತು ಇನ್ನೊಂದು ಪ್ಯಾಡ್ ಬಗ್ಗೆ ಮಾತಾಡೋಣ. ಎಷ್ಟೋ ಮನೆಗಳಲ್ಲಿ ಅಜ್ಜನೋ ದೊಡ್ಡಪ್ಪನೋ ಯಾರಿಗೂ ಹೇಳದೆ ಪಂಚೆಯೊಳಗೆ ಹಾಕ್ಕೊಳ್ಳೋ ಪ್ಯಾಡ್.

🔹 ಯಾಕೆ ಸೋರುತ್ತೆ?
ಪ್ರಾಸ್ಟೇಟ್ ಕ್ಯಾನ್ಸರ್ ಆದಾಗ ಕೆಲವರಿಗೆ ಆ ಗ್ರಂಥಿಯನ್ನೇ ತೆಗೀತಾರೆ. ಮೂತ್ರ ಹಿಡಿದಿಡೋ ಸ್ನಾಯು ಅದರ ಪಕ್ಕದಲ್ಲೇ ಇರೋದ್ರಿಂದ ಅದಕ್ಕೂ ಪೆಟ್ಟು ಬೀಳಬಹುದು. ಆಮೇಲೆ ಕೆಮ್ಮಿದ್ರೆ, ಕೂತಲ್ಲಿಂದ ಎದ್ರೆ, ಬಿಂದಿಗೆ ಎತ್ತಿದ್ರೆ ಸೋರುತ್ತೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸುಧಾರಿಸುತ್ತೆ, ಕೆಗೆಲ್ ವ್ಯಾಯಾಮನೂ ಸಹಾಯ ಮಾಡುತ್ತೆ. ಕೆಲವರಿಗೆ ವರ್ಷವಾದ್ರೂ ನಿಲ್ಲಲ್ಲ. ಅವರು ಮದುವೆಗೆ ಬರಲ್ಲ, ಬಸ್ ಹತ್ತಲ್ಲ. ನಾವು "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗ್ತೀವಿ.

🔹 ದಾರಿ ಇದೆ
ಸೋರಿಕೆ ಕಡಿಮೆ ಇದ್ರೆ ಸ್ಲಿಂಗ್: ಮೂತ್ರನಾಳಕ್ಕೆ ಕೆಳಗಿಂದ ಆಸರೆ ಕೊಡೋ ಒಂದು ಪಟ್ಟಿ. ಜಾಸ್ತಿ ಇದ್ರೆ ಕೃತಕ ಸ್ಫಿಂಕ್ಟರ್. 1970ರ ದಶಕದಲ್ಲಿ ಅಮೆರಿಕದ ಡಾ. ಬ್ರ್ಯಾಂಟ್ಲಿ ಸ್ಕಾಟ್ ಮತ್ತವರ ತಂಡ ಇದನ್ನು ಶುರು ಮಾಡಿದ್ದು. ಮೂತ್ರನಾಳದ ಸುತ್ತ ನೀರು ತುಂಬಿದ ಒಂದು ಕಫ್, ಹೊಟ್ಟೆಯೊಳಗೆ ಒಂದು ಪುಟ್ಟ ಬಲೂನ್, ವೃಷಣದ ಚೀಲದಲ್ಲಿ ಒಂದು ಪಂಪ್. ಪಂಪ್ ಒತ್ತಿದ್ರೆ ಕಫ್‌ನ ನೀರು ಬಲೂನಿಗೆ ಹೋಗಿ ದಾರಿ ತೆರೆಯುತ್ತೆ. ಒಂದೆರಡು ನಿಮಿಷದಲ್ಲಿ ತಾನಾಗೇ ಮುಚ್ಚಿಕೊಳ್ಳುತ್ತೆ. ಬ್ಯಾಟರಿ ಇಲ್ಲ, ಹೊರಗೆ ಏನೂ ಕಾಣಲ್ಲ.

🔹 ಮ್ಯಾಜಿಕ್ ಅಲ್ಲ
ದುಬಾರಿ. ಸೋಂಕು ಆಗಬಹುದು. ವರ್ಷಗಳು ಕಳೆದಂತೆ ಕೆಟ್ಟರೆ ಮತ್ತೆ ಆಪರೇಷನ್. ಕೈಬೆರಳಲ್ಲಿ ಪಂಪ್ ಒತ್ತೋ ಶಕ್ತಿ ಇರಬೇಕು. ಹಾಕಿದ ತಕ್ಷಣ ಕೆಲಸ ಶುರುವಾಗಲ್ಲ, ಗಾಯ ಮಾಗೋಕೆ ಸುಮಾರು 6 ವಾರ ಕಾಯಬೇಕು. "ನನಗೆ ಪ್ಯಾಡೇ ಸಾಕು" ಅಂತ ಅವರು ಅಂದ್ರೆ ಅದೂ ಸರಿಯಾದ ಉತ್ತರವೇ. ಆದ್ರೆ ಅದು ಎಲ್ಲಾ ಗೊತ್ತಾದ ಮೇಲೆ ಕೊಟ್ಟ ಉತ್ತರ ಆಗಿರಬೇಕು, ನಾಚಿಕೆ ಕೊಟ್ಟ ಉತ್ತರ ಆಗಬಾರದು.

🔹 ನನ್ನ ವಾದ ಇಷ್ಟೇ
ಈ ಗುಟ್ಟಿಗೆ ಎರಡು ಸಲ ಬೆಲೆ ಕಟ್ಟಬೇಕು. ಮೊದಲನೇ ಸಲ, ಬಾಯಿ ಬಿಡದೆ ಚಿಕಿತ್ಸೆಯೇ ಸಿಗಲ್ಲ. ಎರಡನೇ ಸಲ, ಚಿಕಿತ್ಸೆ ಆದ ಮೇಲೆ. ಯಾವತ್ತೋ ಅವರು ಪ್ರಜ್ಞೆ ತಪ್ಪಿ ಎಮರ್ಜೆನ್ಸಿಗೆ ಹೋದಾಗ, ಮುಚ್ಚಿರೋ ಕಫ್ ಮೂಲಕ ಯಾರಾದ್ರೂ ಕ್ಯಾತಿಟರ್ ತಳ್ಳಿದ್ರೆ ಮೂತ್ರನಾಳಕ್ಕೇ ಗಾಯ ಆಗಬಹುದು. ಮೊದಲು ಕಫ್ ತೆರೆದು, ಸಾಧನವನ್ನು ಆಫ್ ಮಾಡ್ಬೇಕು. ಅದನ್ನ ಡಾಕ್ಟರ್‌ಗೆ ಹೇಳೋರು ಯಾರು? ಪಕ್ಕದಲ್ಲಿ ನಿಂತಿರೋ ನೀವು. ನಿಮಗೇ ಗೊತ್ತಿಲ್ಲದಿದ್ರೆ?

ಹಾಗಾಗಿ ಎಲ್ಲರ ಮುಂದೆ ಕೇಳಬೇಡಿ, ನಗಬೇಡಿ. ಒಬ್ಬರೇ ಇದ್ದಾಗ, "ಅಜ್ಜ, ಇದಕ್ಕೆ ಚಿಕಿತ್ಸೆ ಇದೆಯಂತೆ, ಯೂರಾಲಜಿಸ್ಟ್ ಹತ್ರ ನಾನೂ ಬರ್ತೀನಿ" ಅನ್ನಿ. ಅಷ್ಟೇ ಸಾಕು.

ಸೇವ್ ಮಾಡ್ಕೊಳ್ಳಿ. ಫ್ಯಾಮಿಲಿ ಗ್ರೂಪಿಗೆ ಹಾಕೋಕೆ ಮುಜುಗರ ಆದ್ರೆ, ಅಣ್ಣನಿಗೋ ಅಕ್ಕನಿಗೋ ಕಳಿಸಿ.

#ಮನೇಲಿಮಾತಾಡದವಿಷಯ #ಗಂಡಸರಆರೋಗ್ಯ #ನಾಚಿಕೆಬೇಡ