ಹುಳು ಸಾಕುವ ಮನೆಯಲ್ಲಿ ಒಂದು ರಾತ್ರಿ

ಕಳೆದ ಮಳೆಗಾಲದಲ್ಲಿ ಉಡುಮಲೈಪೇಟೆಯ ಸಮೀಪದ ಹಳ್ಳಿಯಲ್ಲಿರುವ ನನ್ನ ಸೋದರತ್ತೆಯ ಮನೆಗೆ ಹೋಗಿದ್ದೆ. ಇರುಳಿನಲ್ಲಿ ಸೊಳ್ಳೆಗಳ ಕಾಟ ಹೇಳತೀರದು. ಚೀಲದಿಂದ ಸೊಳ್ಳೆಬತ್ತಿಯನ್ನು ತೆಗೆದು ಹಚ್ಚಲು ಹೊರಟಾಗ ಅತ್ತೆ ತಡೆದರು: “ಬೇಡಪ್ಪ, ಹುಳುಗಳಿಗೆ ಆ ಹೊಗೆ ಆಗದು.” ಪಕ್ಕದ ಕೋಣೆಯಲ್ಲಿ ಹಿಪ್ಪುನೇರಳೆ ಎಲೆಯನ್ನು ಮೇಯುತ್ತಿದ್ದ ರೇಷ್ಮೆಹುಳುಗಳ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ನಾನು ಪರದೆಯೊಳಗೆ ಸೇರಿಕೊಂಡೆ.

ಬತ್ತಿಯಲ್ಲಿರುವ ಪೈರೆಥ್ರಾಯ್ಡ್ ವಿಷಕ್ಕೆ ಸೊಳ್ಳೆ ಯಾವುದು, ರೇಷ್ಮೆಹುಳು ಯಾವುದು ಎಂಬ ಭೇದವಿಲ್ಲ. ಆದಕಾರಣ ಹುಳು ಸಾಕುವವರು ಉಳಿದ ಕೀಟಗಳನ್ನು ಕೊಲ್ಲುವುದಕ್ಕಿಂತ ದೂರವಿಡುವುದರಲ್ಲಿ ನಿಪುಣರು. ಅಟ್ಟಣಿಗೆಯ ಕಾಲುಗಳು ನೀರಿನ ಬಟ್ಟಲುಗಳಲ್ಲಿ ನಿಂತಿರುತ್ತವೆ, ಇರುವೆ ಹತ್ತದು. ಕಿಟಕಿಗೆ ನೈಲಾನ್ ಬಲೆ. ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಒಳನುಗ್ಗದು. 1980ರ ಸುಮಾರಿಗೆ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಆ ನೊಣ ಎಷ್ಟೋ ರೈತರನ್ನು ಅಳಿಸಿತು.

ಇಷ್ಟು ಜೋಪಾನವೆಲ್ಲ ಯಾವುದಕ್ಕಾಗಿ? ನಾಲ್ಕು ಜ್ವರಗಳನ್ನು ದಾಟಿ, ಹಣ್ಣಾಗಿ, ಚಂದ್ರಿಕೆಯನ್ನೇರಿ ಗೂಡು ಕಟ್ಟಿದ ಜೀವವನ್ನು ಕೊನೆಗೆ ಹಬೆಯಲ್ಲಿ ಬೇಯಿಸಲಾಗುತ್ತದೆ. ಚಿಟ್ಟೆ ಗೂಡನ್ನು ಒಡೆದು ಹೊರಬಂದರೆ ಎಳೆ ತುಂಡಾಗುವುದಷ್ಟೆ ಕಾರಣ. ಒಂದು ಸೀರೆಗೆ ಇಂತಹ ಗೂಡುಗಳು ಸಾವಿರಾರು ಬೇಕು. ನಮ್ಮಲ್ಲಿ ಅನೇಕರ ಹಿರಿಯರು ಮಗ್ಗವನ್ನೇ ನಂಬಿ ಬದುಕಿದವರು. ಸಿರುಮುಗೈಯ ರೇಷ್ಮೆಸೀರೆಯನ್ನುಟ್ಟು ದೇವಸ್ಥಾನಕ್ಕೆ ಹೋಗುವಾಗ ಈ ಲೆಕ್ಕವನ್ನು ಯಾರೂ ಎತ್ತುವುದಿಲ್ಲ. ನಾನೂ ಎತ್ತಿದವನಲ್ಲ. ಅಡುಗೆಮನೆಯಲ್ಲಿ ಜಿರಲೆಯನ್ನು ಹೊಡೆದಾಗ ಮಾತ್ರ “ಪಾಪ” ಎಂಬ ಮಾತು ನಮ್ಮ ಬಾಯಿಗೆ ಬರುತ್ತದೆ.

ಸೊಳ್ಳೆಯ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಮನೆಯ ಮಗುವಿಗೆ ಡೆಂಗಿ ಜ್ವರ ಬಂದಾಗ ಆಸ್ಪತ್ರೆಯ ಜಗಲಿಯಲ್ಲಿ ಮೂರು ರಾತ್ರಿ ಕಳೆದವನು ಸೊಳ್ಳೆಯ ಪರವಾಗಿ ವಾದಿಸಲಾರ. ಆದರೆ ಕೊಲ್ಲುವ ರೀತಿಯ ಬಗ್ಗೆ ಅನುಮಾನವುಂಟು. ನಲ್ಲಿಯಲ್ಲಿ ನೀರು ಬರುವ ದಿನಕ್ಕಾಗಿ ಕಾದು ಕೊಡ, ತೊಟ್ಟಿಗಳಲ್ಲಿ ತುಂಬಿಡುವ ನಮ್ಮ ಪೇಟೆಗಳಲ್ಲಿ ಡೆಂಗಿಯ ಸೊಳ್ಳೆ ಆ ಶುದ್ಧ ನೀರಿನಲ್ಲಿಯೇ ಹುಟ್ಟುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನ. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ತಿಕ್ಕಿದರೆ ಹೊಗೆಯ ಅಗತ್ಯವೇ ಕಡಿಮೆಯಾಗುತ್ತದೆ. ಸೋಮಾರಿತನಕ್ಕೆ ವಿಷ ಸುಲಭ.

ವಿಷ ಯಾವಾಗಲೂ ಗೆಲ್ಲುವುದೂ ಇಲ್ಲ. 2016ರಲ್ಲಿ ಪೊಳ್ಳಾಚಿಯ ತೆಂಗಿನ ಮರಗಳಿಗೆ ಸುರುಳಿ ಬಿಳಿನೊಣ ಮುತ್ತಿದಾಗ, ರಾಸಾಯನಿಕವನ್ನು ಸಿಂಪಡಿಸಬೇಡಿರೆಂದು ಹೇಳಿದವರು ಕೃಷಿ ವಿಜ್ಞಾನಿಗಳೇ. ಆ ನೊಣವನ್ನು ಅಡಗಿಸುವ ಎನ್‌ಕಾರ್ಸಿಯಾ ಎಂಬ ಕಣ್ಣಿಗೆ ಕಾಣದಷ್ಟು ಪುಟ್ಟ ಕಣಜ ವಿಷಕ್ಕೆ ಮೊದಲು ಬಲಿಯಾಗುತ್ತದೆ.

ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಅತ್ತೆ ಹಳೆಯ ನೀರಿನ ತೊಟ್ಟಿಯನ್ನು ಮಗುಚುತ್ತಿದ್ದರು. ಒದ್ದೆ ಮಣ್ಣಿನ ಮೇಲೆ ಸೊಳ್ಳೆಮರಿಗಳು ನೂರಾರು ವಿಲವಿಲನೆ ಒದ್ದಾಡಿದವು. ಕೋಳಿಗಳು ಓಡಿಬಂದವು. ಅತ್ತೆ ಕೈತೊಳೆದುಕೊಂಡು, ಹುಳುಗಳಿಗೆ ಎಲೆ ಹಾಕಲು ಒಳಗೆ ಹೋದರು.